ಬೆರಳಿನಿಂದ ಕೇಳುತ್ತಿದ್ದ ಮೇಡಂ

ಕಳೆದ ವಾರ ನಮ್ಮ ಮೇಡಂಗೆ ಬೀಳ್ಕೊಡುಗೆ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇದ್ದವು. ವೇದಿಕೆ ಏರಿದವರೆಲ್ಲ ಶಿಸ್ತು, ಸೇವೆ, ಸರಳತೆ ಎಂದು ಹೇಳಿ ಇಳಿದರು. ಮೇಡಂ ಮಾತ್ರ ಹಾರದ ಭಾರಕ್ಕೆ ಕತ್ತು ಓರೆ ಮಾಡಿಕೊಂಡು, ಮುಂದಿದ್ದ ಟೇಬಲ್ಲನ್ನು ನಡುಬೆರಳಿನಿಂದ ಮೆಲ್ಲಗೆ ಬಡಿಯುತ್ತ, ಒಳಗೆ ಎಲ್ಲಿ ಟೊಳ್ಳಿದೆ ಎಲ್ಲಿ ಗಟ್ಟಿಯಿದೆ ಎಂದು ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾವು ಹಳೆಯ ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡು ನಕ್ಕೆವು. ಭಾಷಣದಲ್ಲಿ ಬಂದ ಆ ಶಿಸ್ತಿನ ಮೂರ್ತಿ ಯಾರೋ ನಮಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಈ ಟೇಬಲ್ ಬಡಿಯುವ ಹೆಂಗಸು.

ಅವರ ಬಗ್ಗೆ ಬರೆಯುತ್ತೇನೆಂದು ಹೇಳಿದಾಗ ಒಂದೇ ಷರತ್ತು ಹಾಕಿದರು. "ಹೆಸರು ಹಾಕಬ್ಯಾಡಪ್ಪ. ನಾಳಿಂದ ಮಂದಿ ಅಂಗಿ ಬಿಚ್ಚಿಕೊಂಡು ಮನಿ ಬಾಗಲಾಗ ನಿಂದರ್ತಾರ." ಹಾಗಾಗಿ ಹೆಸರಿಲ್ಲ. ಕಲಬುರಗಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಮೆಡಿಸಿನ್ ಕಲಿಸುತ್ತಿದ್ದವರು, ಕಮಲಾಪುರದ ಮಗಳು, ಗಾಜಿಪುರದ ಸೊಸೆ ಎಂದರೆ ಸಾಕು.

ನಾನು ಅವರನ್ನು ಮೊದಲು ಕಂಡದ್ದು ವಾರ್ಡಿನಲ್ಲಿ. ಅಂದು ನಮಗೆ ಎದೆ ಬಡಿದು ನೋಡುವ ಪಾಠ. ರೋಗಿಯ ಎದೆಯ ಮೇಲೆ ಎಡಗೈಯ ನಡುಬೆರಳನ್ನು ಚಪ್ಪಟೆಯಾಗಿ ಒತ್ತಿಟ್ಟು, ಬಲಗೈಯ ನಡುಬೆರಳ ತುದಿಯಿಂದ ಅದರ ಮೇಲೆ ಬಡಿಯಬೇಕು. ಒಳಗೆ ಗಾಳಿಯಿದ್ದರೆ ಒಂದು ಸದ್ದು, ನೀರಿದ್ದರೆ ಇನ್ನೊಂದು. ನಾನು ಹುರುಪಿನಿಂದ ಮುಂದೆ ಹೋಗಿ, ಹಾಸಿಗೆಯ ಮೇಲೆ ಕೂತಿದ್ದ ಯಜಮಾನರ ಎದೆಗೆ ನಾಲ್ಕು ಏಟು ಕೊಟ್ಟೆ.

"ಏನ್ರಿ ಡಾಕ್ಟರ, ಬಾಗಲಾ ಬಡ್ಯಾಕತ್ತೀರೇನು?" ಎಂದು ಹಿಂದಿನಿಂದ ದನಿ ಬಂತು. "ಒಳಗಿಂದ ಯಾರಾರ ಬಂದು ತಗೀತಾರಂತ ಮಾಡೀರೋ?"

ವಾರ್ಡಿಗೆ ವಾರ್ಡೇ ನಕ್ಕಿತು. ಏಟು ತಿಂದ ಯಜಮಾನರು ಎಲ್ಲರಿಗಿಂತ ಹೆಚ್ಚು ನಕ್ಕು ಕೆಮ್ಮಿದರು. ಮೇಡಂ ನನ್ನ ಕೈ ಹಿಡಿದು ಉಗುರು ನೋಡಿದರು, ಕೋಟಿನ ಕಿಸೆಯಿಂದ ನೇಲ್ ಕಟರ್ ತೆಗೆದು ಕೊಟ್ಟರು. ನಾನು ಅಲ್ಲೇ ಕಿಟಕಿಯ ಬಳಿ ನಿಂತು ಉಗುರು ಕತ್ತರಿಸಿಕೊಂಡು ಬರುವವರೆಗೆ ಪಾಠ ನಿಂತಿತ್ತು. ಬಂದ ಮೇಲೆ ನನ್ನ ಬೆರಳನ್ನು ತಾವೇ ಯಜಮಾನರ ಪಕ್ಕೆಲುಬುಗಳ ನಡುವೆ ಇಟ್ಟು, "ಮೊಣಕೈ ಅಲ್ಲಾಡಬಾರ್ದು, ಮಣಿಕಟ್ಟಷ್ಟೇ. ಬಡದ ಬೆರಳು ಅಲ್ಲೇ ಕುಂದ್ರಬಾರ್ದು, ಬಿಸಿ ಹಂಚು ಮುಟ್ಟಿದಂಗ ಎದ್ದು ಬರಬೇಕು" ಎಂದರು. ಬಡಿದೆ. ಎದೆಯ ಮೇಲ್ಭಾಗದಲ್ಲಿ ತುಂಬು ದನಿ. ಕೆಳಕ್ಕೆ ಇಳಿಯುತ್ತ ಇಳಿಯುತ್ತ ಒಂದು ಕಡೆ ದನಿ ಇದ್ದಕ್ಕಿದ್ದಂತೆ ಸತ್ತುಹೋಯಿತು. ಕಲ್ಲು ಬಡಿದ ಹಾಗೆ.

"ಏನದು?"

"ನೀರು, ಮೇಡಂ."

"ಹಾಂ. ಈಗ ಯಜಮಾನರಿಗೆ ನಮಸ್ಕಾರ ಮಾಡ್ರಿ. ನಿಮ್ಮ ಮೊದಲ್ನೇ ಮಾಸ್ತರು ಅವರೇ."

ಆ ಸದ್ದುಗಳಿಗೆ ಪುಸ್ತಕದಲ್ಲಿ ದೊಡ್ಡ ದೊಡ್ಡ ಇಂಗ್ಲಿಷ್ ಹೆಸರುಗಳಿವೆ. ಮೇಡಂ ಅವನ್ನು ಪರೀಕ್ಷೆಗೆಂದು ಬರೆಸಿ, ಕಲಿಸುವಾಗ ಮಾತ್ರ ನಮ್ಮ ಮನೆಯ ಸಾಮಾನುಗಳನ್ನೇ ಬಳಸುತ್ತಿದ್ದರು. ಆರೋಗ್ಯವಂತ ಪುಪ್ಪುಸ ಅಂದರೆ ಜೋಳದ ಹಿಟ್ಟು ಅರ್ಧ ಇರುವ ಡಬ್ಬಿಯ ಮೇಲ್ಭಾಗ. ನೀರು ತುಂಬಿದ್ದೆಂದರೆ ಶಹಾಬಾದ್ ಕಲ್ಲು. ಉಬ್ಬಿದ ಹೊಟ್ಟೆ ಅಂದರೆ ಡೊಳ್ಳು. "ಮನಿಗೆ ಹೋಗಿ ಎಲ್ಲಾ ಬಡದು ನೋಡ್ರಿ, ರೋಗಿ ಎದಿ ಅಭ್ಯಾಸದ ಮೈದಾನ ಅಲ್ಲ" ಎನ್ನುತ್ತಿದ್ದರು. ನಾನು ಕುಸನೂರಿನ ನಮ್ಮ ಮನೆಯಲ್ಲಿ ಡಬ್ಬಿ, ಬಾಗಿಲು, ನೀರಿನ ಟ್ಯಾಂಕು, ಗೋಡೆ ಎಲ್ಲ ಬಡಿಯುತ್ತ ತಿರುಗಿದೆ. ಅವ್ವ ಒಂದು ದಿನ ಅಪ್ಪನಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಪೋರ ಡಾಕ್ಟರಕಿ ಓದಾಕತ್ಯಾನೋ, ಗೌಂಡಿ ಕೆಲಸ ಕಲ್ಯಾಕತ್ಯಾನೋ?"

ಅವರ ಗಾಜಿಪುರದ ಮನೆಗೆ ಹೋದವರಿಗೆ ಈ ಚಟ ಎಷ್ಟು ಹಳೆಯದೆಂದು ತಿಳಿಯುತ್ತಿತ್ತು. ಮೇಡಂ ಮಾತಾಡುತ್ತಲೇ ನೆಲದ ಕಲ್ಲನ್ನು ಬಡಿದು "ಇದರ ಕೆಳಗ ಉಸುಕು ಸರದದ" ಎಂದು ಹೇಳಿಬಿಡುತ್ತಿದ್ದರು. ಅವರ ಯಜಮಾನರು ಬ್ಯಾಂಕಿನಲ್ಲಿದ್ದವರು, ಹೆಂಡತಿಯಷ್ಟೇ ನಗೆಗಾರರು. ನಮಗೆ ಚಹಾ ಕೊಡುವಾಗೊಮ್ಮೆ ಹೇಳಿದರು: "ಲಗ್ನ ಆದ ಹೊಸದ್ರಾಗ ನನ್ನ ಎದಿ ಬಡದು ನೋಡಿದಳ್ರಿ. ನಾನು ಭಾಳ ಪ್ರೀತಿಲೆ, ಒಳಗ ಏನದ ಅಂತ ಕೇಳಿದೆ. ಗಾಳಿ ಅಂದಳು."

"ಸುಳ್ಳೇನು ಹೇಳಿದ್ನಿ? ಗಾಳಿ ಇದ್ದಿದ್ದಕ್ಕ ಇವತ್ತಿನ ತನಕ ಆರಾಮ ಇದ್ದೀರಿ" ಎಂದು ಮೇಡಂ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು.

ರೋಗಿಗಳಿಗೆ ಅವರ ಬೆರಳಿನ ಮೇಲೆ ಇದ್ದ ನಂಬಿಕೆ ಕೆಲವೊಮ್ಮೆ ತಲೆನೋವಾಗುತ್ತಿತ್ತು. ಸ್ಕ್ಯಾನ್ ಮಾಡಿಸಿಕೊಂಡು ಬಾ ಎಂದರೆ ಮುದುಕಿಯರು ಹಟ ಹಿಡಿಯುತ್ತಿದ್ದರು. "ಆ ಮಷೀನ ನಂಗ ಬ್ಯಾಡ, ನೀನೇ ಒಮ್ಮಿ ಬಡದು ಹೇಳ ನನ್ನವ್ವಾ." ಮೇಡಂ ಬಡಿದು ಹೇಳಿಯೂ ಹೇಳುತ್ತಿದ್ದರು, ಸ್ಕ್ಯಾನಿಗೂ ಕಳಿಸುತ್ತಿದ್ದರು. ಯಂತ್ರಗಳ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ವಿಭಾಗದ ಯುವ ವೈದ್ಯರೊಬ್ಬರು, "ಈಗ ಅಲ್ಟ್ರಾಸೌಂಡ್ ಬಂದದ, ಇನ್ನ ಯಾರು ಬಡೀತಾರ ಮೇಡಂ" ಎಂದಾಗ ಅವರು ಕಣ್ಣರಳಿಸಿ, "ಅದಾರ ಏನು ಮಾಡ್ತದ? ಅದೂ ಬಡೀತದ. ನಮಗ ಕೇಳಸಲ್ಲ ಅಷ್ಟ. ನನ್ನ ಕಿರಿ ತಂಗಿ ಇದ್ದಂಗ ಅದು" ಎಂದಿದ್ದರು.

ನಾನು ಅವರ ಕೈಕೆಳಗೆ ಪಿಜಿ ಸೇರಿದ ವರ್ಷ ಒಂದು ಬದಲಾವಣೆ ಎಲ್ಲರ ಕಣ್ಣಿಗೆ ಬಿತ್ತು. ಮೇಡಂ ಮಾತಾಡುವವರ ಮುಖದ ಹತ್ತಿರ ಮುಖ ತರುತ್ತಿದ್ದರು. ಪ್ರಶ್ನೆ ಒಂದು ಕೇಳಿದರೆ ಉತ್ತರ ಇನ್ನೊಂದು ಬರುತ್ತಿತ್ತು. ರೋಗಿಯೊಬ್ಬ "ಎರಡು ದಿನದಿಂದ ಊಟ ಹೋಗವಲ್ದು" ಎಂದರೆ, "ಊರಿಗಿ ಯಾಕ ಹೋಗ್ತಿ, ಆರಾಮಾಗಿ ಹೋಗಂತಿ" ಎಂದುಬಿಟ್ಟರು. ಆಗ ಯಾರೂ ನಗಲಿಲ್ಲ. ಬಡಿದ ಸದ್ದಿನ ಸೂಕ್ಷ್ಮ ಕಲಿಸುವವರಿಗೇ ಕಿವಿ ಕೇಳಿಸದಿದ್ದರೆ ಹೇಗೆ ಎಂಬ ಮಾತು ಕ್ಯಾಂಟೀನಿನಲ್ಲಿ ಶುರುವಾಯಿತು. ವಾರ್ಡಿನ ಪಾಠವನ್ನು ಬೇರೆಯವರಿಗೆ ವಹಿಸಿ ಅವರಿಗೆ ಕಚೇರಿ ಕೆಲಸ ಕೊಡುತ್ತಾರಂತೆ ಎಂಬ ಸುದ್ದಿಯೂ ಹಬ್ಬಿತು.

ಕಿವಿಯ ವಿಷಯವನ್ನು ಮೇಡಂ ತಾವೇ ಬಾಯಿಬಿಟ್ಟು ಹೇಳಿದರು. ಒಂದು ಬೆಳಿಗ್ಗೆ ಕಿವಿಗೆ ಹೊಸ ಶ್ರವಣಯಂತ್ರ ಹಾಕಿಕೊಂಡು ಬಂದು, ಕೂದಲು ಸರಿಸಿ ಎಲ್ಲರಿಗೂ ತೋರಿಸಿದರು. "ನೋಡ್ರಿ, ಹೊಸ ಬೆಂಡವಾಲಿ ಹೆಂಗದ? ಇದನ್ನ ಹಾಕ್ಕೊಂಡ್ರ ಫ್ಯಾನಿನ ಸಪ್ಪಳ ಛಂದ ಕೇಳಸ್ತದ, ನೀವು ಅಂದಿದ್ದು ಅರ್ಧ ಕೇಳಸ್ತದ. ಹಿಂದ ನನ್ನ ಬೈಯೂದಿದ್ರ ಈಗ ಬೈರಿ, ಬ್ಯಾಟರಿ ತಗೀತೀನಿ."

ಆಮೇಲೆ ನರ್ಸ್ ಬಳಿ ಹತ್ತಿ ತರಿಸಿ ನಮಗೆಲ್ಲ ಹಂಚಿದರು. "ಕಿವ್ಯಾಗ ತುರಕೋರಿ." ತುರುಕಿಕೊಂಡೆವು. ಹಾಸಿಗೆಯ ಮೇಲಿದ್ದ ರೋಗಿ, ಡಾಕ್ಟರುಗಳೆಲ್ಲ ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ಕಂಡು ತಾನೂ ಒಂದಿಷ್ಟು ಬೇಡಿ ಇಟ್ಟುಕೊಂಡ. ಮೇಡಂ ಸನ್ನೆಯಿಂದ ಅವನ ಬೆನ್ನು ಬಡಿಯಲು ಹೇಳಿದರು.

ಬಡಿದೆ. ಸದ್ದು ಬಹುತೇಕ ಇಲ್ಲ. ಆದರೆ ಒತ್ತಿಟ್ಟ ಎಡಗೈ ಬೆರಳಿಗೆ ಏನೋ ತಿಳಿಯುತ್ತಿತ್ತು. ಗಾಳಿಯ ಕಡೆ ಬೆರಳಿನ ಕೆಳಗೆ ಬೆನ್ನು ಮೆಲ್ಲಗೆ ನಡುಗಿ ಉತ್ತರ ಕೊಡುತ್ತಿತ್ತು. ನೀರಿನ ಕಡೆ ಉತ್ತರವೇ ಇಲ್ಲ, ಏಟು ಬೆರಳಿನಲ್ಲೇ ನಿಂತು ನೋಯುತ್ತಿತ್ತು. ಹತ್ತಿ ತೆಗೆಸಿದ ಮೇಲೆ ಮೇಡಂ ಹೇಳಿದರು: "ಬಡೆಯೋ ಬೆರಳು ಕೇಳ್ತದ, ಇಟ್ಟ ಬೆರಳು ತಿಳ್ಕೋತದ. ಕಿವಿ ಬರೇ ಸಾಕ್ಷಿ. ನನ್ನ ಸಾಕ್ಷಿ ವಯಸ್ಸಾಗಿ ಮಲಗ್ಯಾನ, ಬೆರಳು ಇನ್ನ ಗಟ್ಟಿ ಅದಾವ."

ನಾವು ಚಪ್ಪಾಳೆ ತಟ್ಟಿದೆವು. ಆದರೂ ಒಳಗೊಳಗೆ ಒಂದು ಅನುಮಾನ ಉಳಿದಿತ್ತು. ವಾರ್ಡಿನಲ್ಲಿ ಎಕ್ಸ್‌ರೇ ಇರುತ್ತದೆ, ತಪ್ಪಿದರೆ ಗೊತ್ತಾಗುತ್ತದೆ. ಬರೀ ಬೆರಳನ್ನೇ ನಂಬಬೇಕಾದ ಹೊತ್ತು ಬಂದರೆ?

ಅಂಥ ಹೊತ್ತು ಕಮಲಾಪುರದಲ್ಲಿ ಬಂತು.

ವರ್ಷಕ್ಕೊಮ್ಮೆ ತಮ್ಮ ತವರೂರಿನ ಶಾಲೆಯಲ್ಲಿ ಮೇಡಂ ಒಂದು ಭಾನುವಾರ ಉಚಿತ ತಪಾಸಣೆ ಇಟ್ಟುಕೊಳ್ಳುತ್ತಿದ್ದರು. ಆ ಸಲ ನಾನು ಮತ್ತು ಅಲ್ಟ್ರಾಸೌಂಡಿನ ಮಾತೆತ್ತಿದ್ದ ಯುವ ವೈದ್ಯರು ಜೊತೆಗೆ ಹೋಗಿದ್ದೆವು. ಊರಲ್ಲಿ ಮೇಡಂ ದೊಡ್ಡ ಡಾಕ್ಟರೇನಲ್ಲ, ಮನೆಮಗಳು. ಬಂದವರೆಲ್ಲ ಕೆಂಪು ಬಾಳೆಹಣ್ಣಿನ ಚಿಪ್ಪು ತಂದು ಟೇಬಲ್ ಕೆಳಗೆ ಇಡುತ್ತಿದ್ದರು. ಅವರ ಓರಗೆಯ ಒಬ್ಬ ಗೆಳತಿ ಬಂದವಳೇ ದೊಡ್ಡ ದನಿಯಲ್ಲಿ, "ಏ, ನಿಂಗ ಕಿವಿ ಕೇಳಸಂಗಿಲ್ಲಂತಲ್ಲ, ಖರೇನು?" ಎಂದಳು.

"ಏನಂದಿ?" ಎಂದರು ಮೇಡಂ. ಶಾಲೆಯ ಅಂಗಳವೆಲ್ಲ ನಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಶಾಲೆಯ ಮುಂದಿನ ರಸ್ತೆಯಲ್ಲಿ ಮದುವೆಯ ಮೆರವಣಿಗೆ ಬಂತು. ಮುಂದೆ ಬ್ಯಾಂಡು, ಹಿಂದೆ ಟ್ರ್ಯಾಕ್ಟರಿನ ಮೇಲೆ ಡಿಜೆ. ಮದುಮಗನ ಗೆಳೆಯರು ಶಾಲೆಯ ಗೇಟಿನ ಎದುರಿಗೇ ಕುಣಿಯತೊಡಗಿ ಮೆರವಣಿಗೆ ಅಲ್ಲೇ ನಿಂತಿತು. ಮೇಜಿನ ಮೇಲಿನ ಔಷಧಿ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಸ್ಟೆತಾಸ್ಕೋಪ್ ಕಿವಿಗಿಟ್ಟರೆ ಯಾರ ಎದೆಯಲ್ಲಾದರೂ ಒಂದೇ ಹಾಡು.

ಅಷ್ಟರಲ್ಲಿ ಬ್ಯಾಂಡಿನವರು ನಾಲ್ಕಾರು ಜನ ಒಬ್ಬ ಯುವಕನನ್ನು ಎತ್ತಿಕೊಂಡು ಒಳಗೆ ಬಂದರು. ಕೆಂಪು ಕೋಟು, ಜರಿ ಪಟ್ಟಿ, ತೆಳ್ಳಗೆ ಉದ್ದನೆಯ ಮೈ. ಕ್ಲಾರ್ನೆಟ್ ಊದುವವನು, ಹೆಸರು ಇಮಾಮ್. ಊದುತ್ತ ಊದುತ್ತಲೇ ಎದೆ ಹಿಡಿದುಕೊಂಡು ಕೂತುಬಿಟ್ಟನಂತೆ. ಬ್ಯಾಂಡಿನ ಹಿರಿಯ ಅವನ ಚಾಚಾ. ಅವರು ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು: "ಬೆಳಿಗ್ಗಿಂದ ಏನೂ ತಿಂದಿಲ್ಲ ಸಾಬ್, ಗ್ಯಾಸ್ ಆಗ್ಯದ. ಒಂದು ಇಂಜೆಕ್ಷನ್ ಕೊಡ್ರಿ, ಮುಂದಿನ ಹಾಡು ಇವಂದೇ ಅದ."

ಇಮಾಮನಿಗೆ ಮಾತಾಡಲು ಉಸಿರಿರಲಿಲ್ಲ. ತುಟಿ ನೀಲಿಯಾಗುತ್ತಿತ್ತು, ಕತ್ತಿನ ನರ ಉಬ್ಬಿದ್ದವು. ನಾನು ಸ್ಟೆತಾಸ್ಕೋಪ್ ಇಟ್ಟೆ. ಡಿಜೆ ಬಿಟ್ಟು ಬೇರೇನೂ ಕೇಳಲಿಲ್ಲ. ಯುವ ವೈದ್ಯರು ಹೊರಗೆ ಓಡಿ ಸಂಗೀತ ನಿಲ್ಲಿಸಲು ಕೈಬೀಸಿದರು. ಕುಣಿಯುವವರು ಅವರೂ ಕುಣಿಯಲು ಬಂದರೆಂದು ತಿಳಿದು ನಡುವೆ ಎಳೆದುಕೊಂಡರು.

ಮೇಡಂ ಎದ್ದು ಬಂದರು. ಮೊದಲು ಮಾಡಿದ ಕೆಲಸವೆಂದರೆ ಕಿವಿಯ ಯಂತ್ರ ತೆಗೆದು ಕಿಸೆಗೆ ಹಾಕಿಕೊಂಡದ್ದು. ಇಮಾಮನ ಕೋಟಿನ ಗುಂಡಿ ಬಿಚ್ಚಿ, ಎದೆ ಏಳುವುದನ್ನು ಒಂದು ಕ್ಷಣ ನೋಡಿದರು. ಬಲಗಡೆ ಮಾತ್ರ ಏಳುತ್ತಿತ್ತು. ಗಂಟಲಿನ ಕುಳಿಯಲ್ಲಿ ಬೆರಳಿಟ್ಟು ಶ್ವಾಸನಾಳ ಎತ್ತ ಸರಿದಿದೆ ಎಂದು ಮುಟ್ಟಿದರು. ಆಮೇಲೆ ಕಣ್ಣು ಮುಚ್ಚಿ ಬಡಿಯತೊಡಗಿದರು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ.

ಅಷ್ಟರಲ್ಲಿ ಯುವ ವೈದ್ಯರು ಗುಂಪಿನಿಂದ ಬಿಡಿಸಿಕೊಂಡು ಬಂದಿದ್ದರು. ಮೇಡಂ ನಮ್ಮಿಬ್ಬರಿಗೂ ಕೇಳುವಂತೆ ಕೂಗಿ ಹೇಳಿದರು: "ಎಡಗಡಿ ಪುಪ್ಪುಸ ಒಡದು ಗಾಳಿ ಹೊರಗ ತುಂಬ್ಯದ. ಹೃದಯ ಒತ್ತಾಕತ್ತದ. ಸೂಜಿ ಹಾಕಿ ಗಾಳಿ ತಗೀಬೇಕು."

"ಮೇಡಂ, ಎಕ್ಸ್‌ರೇ ಇಲ್ದನ..." ಎಂದರು ಅವರು. ತಪ್ಪು ಕಡೆ ಸೂಜಿ ಚುಚ್ಚಿದರೆ ಸರಿಯಿದ್ದ ಒಂದು ಪುಪ್ಪುಸವೂ ಹೋಗುತ್ತದೆ. ಅವರ ಅಂಜಿಕೆ ನ್ಯಾಯದ್ದೇ. ಮೇಡಂಗೆ ಆ ಮಾತು ಕೇಳಿಸಲಿಲ್ಲ, ಮುಖದಿಂದ ಅರ್ಥವಾಯಿತು.

"ಕಲಬುರಗಿ ಮುಟ್ಟೂ ತನಕ ಇವ ತಡ್ಯಂಗಿಲ್ಲ" ಎಂದು ಹೇಳಿ ನನ್ನ ಕೈ ಹಿಡಿದು ಇಮಾಮನ ಎದೆಯ ಮೇಲಿಟ್ಟರು. "ನೀನೂ ಬಡಿ. ಕಿವಿ ಬಿಡು. ಬೆರಳಿಗಿ ಏನ್ ತಿಳೀತದ ಹೇಳು."

ಬಲಗಡೆ ಬಡಿದೆ, ದಿನವೂ ತಿಳಿಯುತ್ತಿದ್ದ ಎದೆಯದೇ ಉತ್ತರ. ಎಡಗಡೆ ಬಡಿದೆ. ಅಷ್ಟು ಸಪ್ಪಳದ ನಡುವೆಯೂ ಬೆರಳು ಜಿಗಿದಂತಾಯಿತು. ಖಾಲಿ ಡಬ್ಬಿ. ತೊಗಲಿನ ಕೆಳಗೆ ಬಿಗಿದು ಕಟ್ಟಿದ ಗಾಳಿಯ ಹೊರತು ಏನೂ ಇರಲಿಲ್ಲ. ನಾನು ತಲೆಯಾಡಿಸಿದೆ.

ಮೇಡಂ ದಪ್ಪ ಸೂಜಿ ತೆಗೆದುಕೊಂಡರು. ಸಿರಿಂಜಿನಲ್ಲಿ ಒಂದಿಷ್ಟು ಸಲೈನ್ ತುಂಬಿ ಅದಕ್ಕೆ ಜೋಡಿಸಿ, ಕೊರಳೆಲುಬಿನ ಕೆಳಗೆ ಪಕ್ಕೆಲುಬುಗಳ ನಡುವಿನ ಜಾಗವನ್ನು ಬೆರಳಿನಿಂದಲೇ ಹುಡುಕಿ, "ಬಿಸ್ಮಿಲ್ಲಾ ಅನ್ರಿ ಚಾಚಾ" ಎಂದು ಚುಚ್ಚಿದರು.

ಸಿರಿಂಜಿನ ನೀರಿನಲ್ಲಿ ಗುಳ್ಳೆ ಎದ್ದವು. ಗುಳುಗುಳು ಎಂದು ಒಂದರ ಹಿಂದೆ ಒಂದು. ಗಾಳಿ ಬರುತ್ತಿತ್ತು. ನಾನು ಹುಚ್ಚನಂತೆ "ಗುಳ್ಳಿ! ಗುಳ್ಳಿ ಬಂದ್ವು ಮೇಡಂ!" ಎಂದು ಕೂಗಿದೆ. ಯಾರಿಗೂ ಕೇಳಲಿಲ್ಲ, ಮೇಡಂಗಂತೂ ಮೊದಲೇ ಕೇಳುವಂತಿರಲಿಲ್ಲ. ಅವರು ಇಮಾಮನ ಮುಖವನ್ನೇ ನೋಡುತ್ತಿದ್ದರು. ತುಟಿಗೆ ಬಣ್ಣ ಬಂತು. ಅವನು ಒಂದು ಉದ್ದನೆಯ ಉಸಿರು ಎಳೆದುಕೊಂಡು ಕಣ್ಣು ತೆರೆದ. ಯುವ ವೈದ್ಯರು ಆಗಲೇ ಆಂಬುಲೆನ್ಸಿಗೆ ಫೋನು ಹಚ್ಚಿದ್ದರು. ಚಾಚಾ ಮಂಡಿಯೂರಿ ಮೇಡಂ ಕಾಲಿಗೆ ಕೈಹಾಕಲು ಹೋದರೆ, "ಏಳ್ರಿ ಚಾಚಾ, ಮೊದಲು ಆ ಡಿಜೆ ಬಂದ್ ಮಾಡಸ್ರಿ, ಬಾಟ್ಲಿ ಒಡದಾವು" ಎಂದರು.

ಇಮಾಮ್ ಕಲಬುರಗಿಯ ನಮ್ಮ ವಾರ್ಡಿನಲ್ಲೇ ಇದ್ದ. ಎದೆಗೆ ನಳಿಗೆ ಹಾಕಿ, ಪುಪ್ಪುಸ ಮತ್ತೆ ಅರಳಿತು. ನಳಿಗೆ ತೆಗೆದ ಮೇಲೆ ಮೇಡಂ ಅವನ ಬೆರಳನ್ನೇ ಅವನ ಎದೆಯ ಮೇಲಿಟ್ಟು ಬಡಿಸಿದರು. ಎರಡೂ ಕಡೆ ಒಂದೇ ಸದ್ದು ಬಂದಾಗ ಅವನು ನಕ್ಕ. ಆದರೆ ಇನ್ನು ಮುಂದೆ ಕ್ಲಾರ್ನೆಟ್ ಊದುವ ಹಾಗಿಲ್ಲ ಎಂದು ತಿಳಿದಾಗ ಆ ನಗು ಹೋಯಿತು. ಗೋಡೆ ಕಡೆ ತಿರುಗಿ ಮಲಗಿದವನು ಊಟಕ್ಕೂ ಏಳಲಿಲ್ಲ. "ಊದೂದು ಬಿಟ್ರ ಇವಂಗ ಬ್ಯಾರೆ ಏನ್ ಬರ್ತದ್ರಿ ಮೇಡಂ" ಎಂದು ಚಾಚಾ ಕಣ್ಣೊರೆಸಿಕೊಂಡರು.

ಮೇಡಂ ಹಾಸಿಗೆಯ ಅಂಚಿಗೆ ಕೂತರು. "ಊದೂದು ಬ್ಯಾಡ ಅಂದೀನಿ, ಬಡ್ಯೂದು ಬ್ಯಾಡ ಅಂದೀನೇನು? ನಾ ಇಷ್ಟು ವರ್ಷ ಬರೇ ಬಡದು ಹೊಟ್ಟಿ ಹೊರಕೊಂಡೀನಿ. ಕೈ ತೋರಸು." ಅವನು ತಿರುಗದೆ ಕೈ ಮಾತ್ರ ಚಾಚಿದ. ಮೇಡಂ ಮಣಿಕಟ್ಟು ಅಲ್ಲಾಡಿಸಿ ನೋಡಿ ನನ್ನ ಕಡೆ ತಿರುಗಿದರು. "ಮಣಿಕಟ್ಟು ಎಷ್ಟು ಸಡಲ ಅದ ನೋಡು. ನಿನ್ನಕಿಂತ ಛಲೋ ಅದ." ಇಮಾಮನ ಬೆನ್ನು ಅಲುಗಾಡಿತು. ಅಳುತ್ತಿದ್ದಾನೆಂದು ತಿಳಿದು ನಾನು ಬಗ್ಗಿದೆ, ನಗುತ್ತಿದ್ದ.

ಇದಾಗಿ ಬಹಳ ತಿಂಗಳ ಮೇಲೆ ಒಂದು ಸಂಜೆ ಮೇಡಂ ಜೊತೆ ಆಟೋದಲ್ಲಿ ಅವರ ಮನೆಗೆ ಹೊರಟಿದ್ದೆ. ಗಾಜಿಪುರದ ಓಣಿಯಲ್ಲಿ ಮದುವೆಯ ಬರಾತ್ ಅಡ್ಡ ಬಂದು ಆಟೋ ನಿಂತಿತು. ಬ್ಯಾಂಡಿನ ಮುಂದೆ ಒಬ್ಬ ಉದ್ದನೆಯವನು ಕೊರಳಿಗೆ ತಾಷಾ ಕಟ್ಟಿಕೊಂಡು, ಎರಡು ತೆಳು ಕೋಲುಗಳಿಂದ ಅದನ್ನು ಮಾತಾಡಿಸುತ್ತಿದ್ದ. ಜನ ಸುತ್ತ ನಿಂತು ಸೀಟಿ ಹೊಡೆಯುತ್ತಿದ್ದರು. ನಾನು ಗುರುತು ಹಿಡಿಯುವುದರೊಳಗೆ ಮೇಡಂ ಇಳಿದು ಗುಂಪಿನೊಳಗೆ ನುಗ್ಗಿಯಾಗಿತ್ತು.

ಇಮಾಮ್ ಅವರನ್ನು ಕಂಡು ಬಾರಿಸುವುದನ್ನು ನಿಲ್ಲಿಸಿದ. ಬ್ಯಾಂಡೂ ನಿಂತಿತು, ಕುದುರೆಯೂ ನಿಂತಿತು. ಮೇಡಂ ಅವನ ಕೋಟಿನ ಗುಂಡಿ ಬಿಚ್ಚಿ, ನಡುರಸ್ತೆಯಲ್ಲಿ, ಎರಡೂ ಕಡೆ ಬಡಿದು ನೋಡಿದರು. "ಭೇಷ್" ಎಂದರು. ಕುದುರೆಯ ಮೇಲಿದ್ದ ಮದುಮಗ ಹೂವಿನ ಮುಸುಕು ಸರಿಸಿ ಕೆಳಗೆ ಬಗ್ಗಿದ. "ಡಾಕ್ಟರ್ ಬಾಯಿ, ನಂದೂ ಒಮ್ಮಿ ನೋಡ್ರಿ. ಮುಂಜಾನಿಂದ ಎದಿ ಡಬಡಬ ಅನ್ನಾಕತ್ತದ."

"ಅದಕ್ಕ ಔಷಧ ಇಲ್ಲಪ್ಪ. ಕುದ್ರಿ ಮುಂದ ನಡಸು" ಎಂದರು ಮೇಡಂ.

ನಗು ಅಡಗುವ ಮೊದಲೇ ಇಮಾಮ್ ಮತ್ತೆ ಕೋಲೆತ್ತಿದ. ಮೇಡಂ ಕಿವಿಯ ಯಂತ್ರ ತೆಗೆದು ಹೆಗಲ ಚೀಲಕ್ಕೆ ಹಾಕಿಕೊಂಡರು. ಎಡಗೈಯನ್ನು ತಾಷಾದ ಮಗ್ಗುಲಿಗೆ ಚಪ್ಪಟೆಯಾಗಿ ಒತ್ತಿ ಹಿಡಿದು, ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿ, ಬರಾತಿನ ಜೊತೆಗೇ ಓಣಿಯ ಆ ತುದಿಯವರೆಗೆ ನಡೆದುಹೋದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಆಟೋದವನು ಕತ್ತು ಚಾಚಿ ನೋಡಿ ನನ್ನನ್ನು ಕೇಳಿದ. "ಆ ಅಮ್ಮಾರು ಯಾರ ಕಡ್ಯಾರ್ರಿ? ಹುಡುಗನ ಕಡಿಯೋ, ಹುಡುಗಿ ಕಡಿಯೋ?"

"ಬ್ಯಾಂಡಿನ ಕಡೆಯವರು" ಎಂದೆ.